ಬೂದಿ ಬಾಯಾಡಿಸುವವರೆಗೆ

ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುತ್ತಿದ್ದವಳು ಅವ್ವ ಅಲ್ಲ, ಕುದುರೆ. ಹರಿಯಬ್ಬೆಯ ಆ ಮನೆಗೆ ಇದ್ದದ್ದೇ ಮೂರು ಅಂಕಣ. ಬಾಗಿಲು ದಾಟಿದ ಕೂಡಲೇ ತಗ್ಗಿನ ಅಂಕಣ, ಅದು ಪ್ರಾಣಿಗಳದ್ದು. ಅಲ್ಲಿಂದ ಮೊಳದೆತ್ತರದ ಕಟ್ಟೆ ಹತ್ತಿದರೆ ನಡುಮನೆ, ಅದು ನಮ್ಮದು. ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ. ತಗ್ಗಿಗೂ ನಡುಮನೆಗೂ ಮಧ್ಯೆ ಗೋಡೆ ಇರಲಿಲ್ಲ, ಎರಡು ಮರದ ಕಂಬ ಇದ್ದವು ಅಷ್ಟೇ. ನಾವು ಉಣ್ಣಲು ಕೂತರೆ ಬೂದಿಯ ಮೂತಿ ನಮ್ಮ ತಟ್ಟೆಯ ಹತ್ತಿರವೇ ಇರುತ್ತಿತ್ತು. ಬೂದಿ ಅಂದರೆ ನಮ್ಮ ಹೆಣ್ಣುಕುದುರೆ. ಬಣ್ಣ ಬೂದಿ, ಹೆಸರೂ ಬೂದಿ. ಹೆಸರಿಡುವುದಕ್ಕೆ ನಮ್ಮ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಾನು ಹುಟ್ಟಿದಾಗ ಕೆಂಚಗಿದ್ದೆನಂತೆ, ಕೆಂಚಮ್ಮ ಎಂದರು. ಮನೆಯೊಳಗೆ ಕುದುರೆ ಇತ್ತು ಎಂದರೆ ಈಗಿನ ಮೊಮ್ಮಕ್ಕಳು ಮೂಗು ಮುಚ್ಚಿಕೊಂಡು, ವಾಸನೆ ಬರುತ್ತಿರಲಿಲ್ಲವಾ ಎಂದು ಕೇಳುತ್ತವೆ. ಬರುತ್ತಿತ್ತು. ಉಚ್ಚೆ, ಒದ್ದೆ ಹುಲ್ಲು, ಕಂಬಳಿ, ಹೊಗೆ ಎಲ್ಲ ಸೇರಿದ ವಾಸನೆ. ಅದರಲ್ಲೇ ಉಂಡು ಬೆಳೆದೆ. ಅದನ್ನು ಚೆಂದ ಎಂದು ಈಗ ಹೇಳಲಾರೆ.

ಮನೆಯ ಕಟ್ಟಳೆ ಒಂದೇ. ಬೂದಿ ತನ್ನ ಹುರುಳಿಗೆ ಬಾಯಿ ಹಾಕಿ ಅಗಿಯುವ ಸದ್ದು ಕೇಳುವವರೆಗೆ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ. ಅಪ್ಪನ ತಾಯಿ, ನನ್ನ ಅಜ್ಜಿ, ಇದಕ್ಕೆ ಕಾವಲುಗಾರ್ತಿ. ಅವಳಿಗೆ ಎರಡೂ ಕಣ್ಣಲ್ಲಿ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ಕೂತು, ಕತ್ತು ಓರೆ ಮಾಡಿ ಕಿವಿಗೊಡುತ್ತಿದ್ದಳು. ಮುದ್ದೆ ತಟ್ಟೆಯಲ್ಲಿ ಹೊಗೆಯಾಡುತ್ತಿರುತ್ತಿತ್ತು, ಸಾರು ಆರುತ್ತಿರುತ್ತಿತ್ತು, ನಾವು ಕೈ ಮಡಚಿಕೊಂಡು ಕೂತಿರುತ್ತಿದ್ದೆವು. ಕುದುರೆ ಮೂಸಿ ನೋಡಿದರೆ ಆಗಲಿಲ್ಲ, ತುಟಿಯಲ್ಲಿ ಕೆದಕಿದರೂ ಆಗಲಿಲ್ಲ. ದವಡೆಯಲ್ಲಿ ಹುರುಳಿ ಕಟಕಟ ಎನ್ನಬೇಕು.

"ಹ್ಞೂಂ, ಬಾಯಾಡಿಸ್ತು. ಉಣ್ರಿ," ಎಂದು ಅಜ್ಜಿ ಹೇಳಿದ ಮೇಲೆಯೇ ಊಟ.

ಈ ಕಟ್ಟಳೆಗೆ ಕಾರಣ ಇತ್ತು. ನಮ್ಮದೂ ಇನ್ನು ನಾಲ್ಕು ಮನೆಯವರದ್ದೂ ಸೇರಿದ ಕುರಿಮಂದೆ ಸುಗ್ಗಿ ಮುಗಿದ ಮೇಲೆ ಪಡುವಲಿಗೆ, ಬಿ.ದುರ್ಗದ ಕಡೆಗೆ ಹೋಗುತ್ತಿತ್ತು. ಅಲ್ಲಿ ಹೊಲದವರು ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಹನ್ನೆರಡು ಜನ ಕುರಿಯ ಹಿಂದೆ ತಿಂಗಳುಗಟ್ಟಲೆ ಬಯಲಲ್ಲೇ ಇರುತ್ತಿದ್ದರು, ನಮ್ಮ ಚಿಕ್ಕಪ್ಪ ಅವರ ಯಜಮಾನ. ಅವರಿಗೆ ರಾಗಿ ಹಿಟ್ಟು, ಉಪ್ಪು, ಮೆಣಸಿನಕಾಯಿ, ಕುರಿಯ ಔಷಧಿ ಮುಟ್ಟಿಸುವುದು ಅಪ್ಪನ ಕೆಲಸ. ಬೂದಿಯ ಮೇಲೆ ಹೇರಿಕೊಂಡು ಹಿರಿಯೂರು, ಮಾರಿಕಣಿವೆ, ಹೊಸದುರ್ಗ, ಹೊಳಲ್ಕೆರೆ ದಾಟಿ ಐದು ದಿನ ಹೋಗುವುದು. ನಡೆಯಲಾರದ ಮರಿಗಳನ್ನು ಹೇರಿಕೊಂಡು ಐದು ದಿನ ಬರುವುದು. ದಾರಿಯಲ್ಲಿ ಕುದುರೆ ತಿನ್ನದಿದ್ದರೆ ನಡೆಯುವುದಿಲ್ಲ. ಅದು ನಡೆಯದಿದ್ದರೆ ಹನ್ನೆರಡು ಜನಕ್ಕೆ ಹಿಟ್ಟಿಲ್ಲ. ಅಜ್ಜಿಯ ಗಂಡನ ಕಾಲದಲ್ಲಿ ಒಂದು ಸಲ ಮನೆಯವರು ತಾವು ಉಂಡು, ಕುದುರೆಗೆ ಹಾಕುವುದು ಮರೆತಿದ್ದರಂತೆ. ಆ ಮರೆವಿಗೆ ಅಂಜಿ ಹಾಕಿಕೊಂಡ ಕಟ್ಟಳೆ ಇದು.

ಅವ್ವನಿಗೆ ಇದು ಸೇರುತ್ತಿರಲಿಲ್ಲ. ಅವಳು ಹೊಸದುರ್ಗದ ಕಡೆಯವಳು, ಅವಳ ತವರಲ್ಲಿ ಕುದುರೆ ಇರಲಿಲ್ಲ. ಬೂದಿಯೋ ಬಾಯಿ ಕಟ್ಟಿನ ಪ್ರಾಣಿ. ತೌಡು ಹಳತಾದರೆ ಮುಟ್ಟುತ್ತಿರಲಿಲ್ಲ, ನೀರಿನ ರುಚಿ ಬದಲಾದರೆ ಕುಡಿಯುತ್ತಿರಲಿಲ್ಲ, ಸುಮ್ಮನೆ ಗೋಡೆ ನೋಡುತ್ತಾ ನಿಲ್ಲುತ್ತಿತ್ತು. ಅಂಥ ದಿನ ಅವ್ವನ ಬಾಯಿ ಶುರುವಾಗುತ್ತಿತ್ತು.

"ಅದಕ್ಕೆ ಮುನಿಸು ಬಂದ್ರೆ ನಾವ್ಯಾಕೆ ಉಪವಾಸ ಬೀಳಬೇಕು? ಮುದ್ದೆ ಕಲ್ಲಾಗೈತೆ ನೋಡ್ರಿ. ಅತ್ತೆ ಮುನಿಸ್ಕೊಂಡ್ರೆ ಸುಮ್ಕಿರಬೈದು, ಕುದುರೆ ಮುನಿಸೂ ತಡಕಬೇಕಾ?"

"ನಿನ್ ಗಂಡನ್ನ ಹೊರೋದು ಅದು, ನಾನಲ್ಲ. ಸುಮ್ನೆ ಕುಂತ್ಕ," ಎನ್ನುತ್ತಿದ್ದಳು ಅಜ್ಜಿ.

ಅಪ್ಪ ಎದ್ದು ಹೋಗಿ ಬೂದಿಯ ಕಿವಿಯ ಹಿಂದೆ ಕೆರೆಯುತ್ತಾ ನಿಲ್ಲುತ್ತಿದ್ದ. ಅವನಿಗೂ ಹಸಿವಾಗಿರುತ್ತಿತ್ತು, ಹೊಟ್ಟೆ ಗೊರಗುಟ್ಟುವುದು ನನಗೇ ಕೇಳುತ್ತಿತ್ತು. ಆದರೂ ತಾನು ಮೊದಲು ಉಣ್ಣುತ್ತಿರಲಿಲ್ಲ. ಹಸಿವನ್ನು ಅಪ್ಪ ಗೆದ್ದಿದ್ದಾನೆ ಎಂದು ನಾನು ತಿಳಿದಿದ್ದೆ. ಅಪ್ಪನ ಮೇಲೆ ನನಗಿದ್ದ ಗೌರವಕ್ಕೆ ಬೇರೆ ಕಾರಣ ಇರಲಿಲ್ಲ, ಇದೊಂದೇ.

ನಾನು ಅಷ್ಟು ಗಟ್ಟಿ ಇರಲಿಲ್ಲ. ಕಳ್ಳಿ. ಲಂಗದ ಮಡಿಲಲ್ಲಿ ಯಾವಾಗಲೂ ನಾಲ್ಕು ಶೇಂಗಾ ಕಟ್ಟಿಕೊಂಡಿರುತ್ತಿದ್ದೆ. ಎಲ್ಲರೂ ಕಾಯುತ್ತಾ ಕೂತಾಗ ಕುದುರೆಗೆ ಹುಲ್ಲು ಎಳೆದು ಹಾಕುವ ನೆಪದಲ್ಲಿ ತಗ್ಗಿಗೆ ಇಳಿದು, ಬೂದಿಯ ಕತ್ತಿನ ಆ ಕಡೆ ಮರೆಯಾಗಿ ಶೇಂಗಾ ಅಗಿಯುತ್ತಿದ್ದೆ. ನಾನು ಅಗಿದರೆ ಬೂದಿ ತಿರುಗಿ ನೋಡುತ್ತಿತ್ತು, ಕಿವಿ ಮುಂದಕ್ಕೆ ಮಾಡುತ್ತಿತ್ತು, ಆಮೇಲೆ ತಾನೂ ಹುರುಳಿಗೆ ಬಾಯಿ ಹಾಕುತ್ತಿತ್ತು. ಪ್ರತಿ ಸಲವೂ ಹಾಗೇ. ಮನೆಯವರಿಗೆ ಗೊತ್ತಾದದ್ದು ಇಷ್ಟು: ಕೆಂಚಿ ಹತ್ತಿರ ನಿಂತರೆ ಕುದುರೆ ತಿನ್ನುತ್ತದೆ. ಯಾಕೆ ತಿನ್ನುತ್ತದೆ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಹೇಳಿದರೆ ಅಜ್ಜಿ ಬರೆ ಹಾಕುತ್ತಿದ್ದಳು, ಅದಕ್ಕೇ ಹೇಳಲಿಲ್ಲ.

ಒಂದು ಸಲ ಅಪ್ಪ ಒಬ್ಬನೇ ಹೋಗಿ ಬಂದಾಗ ಬೂದಿಯ ಪಕ್ಕೆಲುಬು ಎಣಿಸುವಂತಾಗಿತ್ತು. ಮೂರನೇ ದಿನದಿಂದ ಸರಿಯಾಗಿ ತಿಂದಿಲ್ಲ ಎಂದ. ಮುಂದಿನ ಸಲ ನನ್ನನ್ನೂ ಹೇರಿನ ಮೇಲೆ ಕೂರಿಸಿಕೊಂಡು ಹೋದ, ಬೂದಿ ಹೋಗುತ್ತಾ ಬರುತ್ತಾ ಚೆನ್ನಾಗಿ ತಿಂದಿತು. ಅಲ್ಲಿಗೆ ನನ್ನ ಸ್ಕೂಲು ಮುಗಿಯಿತು. ಮೂರನೇ ಕ್ಲಾಸಿನ ಮೇಷ್ಟ್ರು ಮನೆಯ ಬಾಗಿಲಿಗೆ ಬಂದಿದ್ದರು. ಒಳಗೆ ಬರಲಿಲ್ಲ, ಕುದುರೆ ಒದೆಯುತ್ತದೆಂದು ಹೊಸ್ತಿಲಲ್ಲೇ ನಿಂತರು.

"ಏನಪ್ಪ, ಕುದುರೆ ಮೇಯಿಸಾಕೆ ಮಗಳ ಸ್ಕೂಲ್ ಬಿಡಿಸ್ತೀಯ? ಕೂಡೋ ಲೆಕ್ಕ ಕ್ಲಾಸಲ್ಲೇ ಮೊದಲು ಮಾಡ್ತಾಳೆ ಅವಳು."

"ಅವಳಿಲ್ದೆ ಅದು ತಿನ್ನಲ್ಲ ಮೇಷ್ಟ್ರೆ. ಹನ್ನೆರಡು ಜನ ಅಲ್ಲಿ ಹಿಟ್ಟಿಗೆ ಕಾಯ್ತಾ ಕುಂತವ್ರೆ. ಲೆಕ್ಕ ಹಾಕ್ರಿ ನೀವೇ."

ಮೇಷ್ಟ್ರು ಲೆಕ್ಕ ಹಾಕಿದರೋ ಏನೋ, ಮತ್ತೆ ಬರಲಿಲ್ಲ. ನಾನು ಅಳಲೂ ಇಲ್ಲ. ಸ್ಕೂಲಿನಲ್ಲಿ ಹಸಿವಾದರೆ ಗಂಟೆ ಹೊಡೆಯುವವರೆಗೆ ಕಾಯಬೇಕಿತ್ತು, ದಾರಿಯಲ್ಲಾದರೆ ಮಡಿಲಲ್ಲಿ ಶೇಂಗಾ ಇರುತ್ತಿತ್ತು. ಅಷ್ಟೇ ಯೋಚನೆ ಮಾಡಿದ್ದು.

ಕುದುರೆಗೆ ದಾರಿಯಲ್ಲಿ ಉಣ್ಣಿಸುವ ವಿದ್ಯೆ ನನಗೆ ಹಾಗೆ ಬಂತು. ಹುರುಳಿಯನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಹೇರಿಗೆ ನೇತುಹಾಕಿದರೆ ನಡೆಯುತ್ತಾ ನಡೆಯುತ್ತಾ ನೆನೆಯುತ್ತದೆ. ಇಳಿದ ಕೂಡಲೇ ಕೊಡಬಾರದು. ಹೇರು ಇಳಿಸಿ, ಬೆನ್ನು ಒರೆಸಿ, ಬೆವರು ಆರಲು ಬಿಟ್ಟು, ಮೊದಲು ನೀರು, ಆಮೇಲೆ ಹುಲ್ಲು, ಕೊನೆಗೆ ಹುರುಳಿ. ಹೊಸ ಊರಿನ ನೀರಿಗೆ ಚೂರು ಬೆಲ್ಲ ಕದಡಬೇಕು, ಆಗ ಎಲ್ಲ ಊರಿನ ನೀರೂ ಅದಕ್ಕೆ ಒಂದೇ. ಕೆರೆಯ ಅಂಚಿನ ಗರಿಕೆಯನ್ನು ಬೇರುಸಹಿತ ಕಿತ್ತು, ಮಣ್ಣು ತೊಳೆದು, ಹನಿ ಇಳಿಯುತ್ತಿರುವಾಗಲೇ ಕೊಡಬೇಕು. ಲದ್ದಿ ಹಾಕಿದರೆ ಅಪ್ಪ ಒಂದನ್ನು ಬೆರಳಲ್ಲಿ ಮುರಿದು ನೋಡುತ್ತಿದ್ದ. ಒಳಗೆ ಹುರುಳಿಯ ಸಿಪ್ಪೆ ಕಾಣಬೇಕು, ಒದ್ದೆ ಇರಬೇಕು. ಒಣಗಿದ ಕಲ್ಲಿನಂಥ ಲದ್ದಿ ಬಿದ್ದರೆ ಅವತ್ತು ನಡಿಗೆ ಕಡಿಮೆ.

ಹೊಟ್ಟೆ ಕೇಳುವುದನ್ನು ಕಲಿಸಿದವರು ಹಿರಿಯೂರಿನ ಖಾದರ್ ಸಾಹೇಬರು. ಪ್ರತಿ ಪ್ರಯಾಣದ ಮೊದಲ ದಿನ ಅವರ ಹತ್ತಿರ ಬೂದಿಗೆ ಲಾಳ ಕಟ್ಟಿಸುತ್ತಿದ್ದೆವು. ಬಾಯಿ ತುಂಬ ಎಲೆಯಡಿಕೆ, ಮೊಳೆಯನ್ನೂ ಅದೇ ಬಾಯಲ್ಲಿ ಕಚ್ಚಿಕೊಂಡಿರುತ್ತಿದ್ದರು. ನನ್ನ ತಲೆ ಹಿಡಿದು ಬೂದಿಯ ಪಕ್ಕೆಗೆ ಒತ್ತಿದರು.

"ಕೇಳು ಬೇಟಿ. ಗುಡುಗುಡು ಅಂತೈತಾ? ಹಂಗಂದ್ರೆ ಒಳಗೆ ಗಿರಣಿ ಓಡ್ತೈತೆ. ಸದ್ದು ನಿಂತ್ರೆ ನಿಮ್ಮಪ್ಪಂಗೆ ಹೇಳು, ಮುಂದಕ್ಕೆ ಒಂದ್ ಹೆಜ್ಜೆ ಇಡಬೇಡ ಅಂತ."

ಆಮೇಲೆ ಅಪ್ಪನ ಕಡೆ ತಿರುಗಿದರು.

"ಒಂದೇ ಸಲ ಸೇರುಗಟ್ಟಲೆ ಸುರೀಬೇಡ್ರಿ ಯಜಮಾನ್ರೆ, ಮದುವೆ ಊಟ ಅಲ್ಲ ಇದು. ಹಿಡಿ ಹಿಡಿ ಕೊಡ್ರಿ, ಐದಾರು ಸಲ. ಇನ್ನೊಂದು ಮಾತು. ಅದರ ಎದುರಿಗೆ ನೀವು ಮೊದಲು ಉಣ್ರಿ. ಕುದುರೆ ಒಂಟಿಯಾಗಿ ತಿನ್ನೋ ಜಾತಿ ಅಲ್ಲ. ಎದುರಿಗೆ ಯಾರಾದ್ರೂ ಬಾಯಾಡಿಸಿದ್ರೆ ಅದಕ್ಕೂ ಆಸೆ ಆಗ್ತೈತೆ."

ಶೇಂಗಾದ ಗುಟ್ಟು ಸಾಹೇಬರಿಗೆ ಹೇಗೆ ತಿಳಿಯಿತು ಎಂದುಕೊಂಡೆ. ಅಪ್ಪ ಮಾತ್ರ ನಕ್ಕುಬಿಟ್ಟ.

"ಪ್ರಾಣಿಗಿಂತ ಮೊದಲು ಉಣ್ಣಾದು ನಮ್ಮ ಮನೇಲಿ ಇಲ್ಲ ಸಾಹೇಬ್ರೆ."

"ನಿಮ್ಮ ಮನೇಲಿ ಇಲ್ಲ ಸರಿ. ಕುದುರೆಗೆ ಗೊತ್ತಾ ಅದು?" ಎಂದು ಸಾಹೇಬರು ಉಗುಳಿ, ಮುಂದಿನ ಕಾಲು ಎತ್ತಿದರು.

ಕೊನೆಯ ಪ್ರಯಾಣದಲ್ಲಿ ನನ್ನ ಶೇಂಗಾ ಎರಡನೇ ದಿನಕ್ಕೇ ಮುಗಿದುಹೋಯಿತು. ಹೊರಡುವಾಗ ಅವ್ವ ಅಂಗಡಿಗೆ ಕಳಿಸಿ ಅದು ತಾ ಇದು ತಾ ಎಂದು ಓಡಾಡಿಸಿದ್ದರಲ್ಲಿ ಮಡಿಲು ತುಂಬಿಕೊಳ್ಳಲು ಸಮಯ ಸಿಕ್ಕಿರಲಿಲ್ಲ. ಬಿಸಿಲು ಏರಿತ್ತು. ಮಾರಿಕಣಿವೆಯ ಗುಡ್ಡದ ಬುಡದಲ್ಲಿ ಬೂದಿ ಅರ್ಧ ತಿಂದು ಬಿಟ್ಟಿತು. ಅರ್ಧವಾದರೂ ತಿಂದಿತಲ್ಲ ಎಂದು ಅಪ್ಪ ನಮಗೂ ಅರ್ಧ ಮುದ್ದೆ ಎಂದ. ಮರುದಿನ ಬೆಳಿಗ್ಗೆ ಮೂಸಿ ನೋಡಿ ತಲೆ ತಿರುಗಿಸಿತು. ನಾವೂ ಉಣ್ಣದೆ ಹೊರಟೆವು. ನಾನು ಹೇರಿನ ಮೇಲೆ ಕೂತಿದ್ದೆ, ಅಪ್ಪ ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದ. ಬುತ್ತಿಯ ಗಂಟು ನನ್ನ ಮಂಡಿಗೇ ತಾಗುತ್ತಿತ್ತು. ಹಿಂಡಿ ಹಚ್ಚಿದ ಮುದ್ದೆಯ ವಾಸನೆ. ಅದನ್ನು ಬಿಚ್ಚುವ ಧೈರ್ಯ ಇರಲಿಲ್ಲ, ಗಂಟನ್ನೇ ಮೂಸುತ್ತಾ ಬಂದೆ. ಹಸಿವು ಎಂದರೆ ಹೊಟ್ಟೆನೋವು ಎಂದು ಹಲವರು ಹೇಳುತ್ತಾರೆ. ನನಗೆ ಅದು ಕಿವಿಯಲ್ಲಿ ಬರುತ್ತಿತ್ತು, ಗುಂಯ್ ಎಂದು.

ಹೊಸದುರ್ಗ ಮುಟ್ಟಿದಾಗ ಹೊತ್ತು ನೆತ್ತಿಯ ಮೇಲಿತ್ತು. ಕೆರೆಯ ಏರಿಯ ಕೆಳಗೆ ಹುಣಿಸೆ ಮರದ ನೆರಳಲ್ಲಿ ಹೇರು ಇಳಿಸಿದೆವು. ಅಪ್ಪ ಬೂದಿಗೆ ನೀರು ಕುಡಿಸಿ, ಬೆನ್ನು ಒರೆಸಿದ. ಇದ್ದ ಹುರುಳಿಯನ್ನೆಲ್ಲ ಮೂತಿಗೆ ಕಟ್ಟುವ ಚೀಲಕ್ಕೆ ಸುರಿದು ನನ್ನ ಕೈಗೆ ಕೊಟ್ಟ. ಮುಂದಿನ ಹುರುಳಿ ಹೊಳಲ್ಕೆರೆಯಲ್ಲಿ ಪರಿಚಯದವರ ಮನೆಯಲ್ಲಿ ಇಟ್ಟಿತ್ತು.

"ಉಪ್ಪು ತಗಂಡು ಬರ್ತೀನಿ. ಅಷ್ಟರಾಗೆ ತಿನ್ನಿಸಿರು. ಬಂದ ಮೇಲೆ ಉಣ್ಣಾಣ," ಎಂದು ಏರಿ ಹತ್ತಿ ಪೇಟೆಯ ಕಡೆಗೆ ಹೋದ.

ನಾನು ಚೀಲ ಕಟ್ಟಿದೆ. ಬೂದಿ ತಲೆ ಕೊಡವಿತು. ಬಿಚ್ಚಿ ಅಂಗೈಯಲ್ಲಿ ಹಿಡಿದು ಕೊಟ್ಟೆ, ತುಟಿಯಲ್ಲಿ ತಳ್ಳಿ ಚೆಲ್ಲಿತು. ಗರಿಕೆ ಕಿತ್ತು ತಂದೆ. ನಾಲ್ಕು ಎಳೆ ಎಳೆದುಕೊಂಡು ಅಗಿಯದೆ ಬಾಯಲ್ಲೇ ಇಟ್ಟುಕೊಂಡಿತು. ನಾನು ಅಗಿದರೆ ತಿನ್ನುತ್ತದೆ ಎಂದು ಗೊತ್ತಿತ್ತು. ಮಡಿಲು ಖಾಲಿ. ಹಸಿ ಹುರುಳಿಯನ್ನೇ ಬಾಯಿಗೆ ಹಾಕಿಕೊಳ್ಳಬಹುದಿತ್ತು, ಬುತ್ತಿಯನ್ನು ಬಿಚ್ಚಿ ಒಂದು ತುತ್ತು ಅಗಿಯಬಹುದಿತ್ತು. ಇದೆಲ್ಲ ಈಗ ಹೊಳೆಯುತ್ತದೆ. ಆಗ ಕಿವಿಯಲ್ಲಿ ಗುಂಯ್ ಎನ್ನುವುದು ಬಿಟ್ಟರೆ ತಲೆಯಲ್ಲಿ ಏನೂ ಇರಲಿಲ್ಲ. ಮೊದಲು ಬೂದಿಯ ಮೇಲೆ ಸಿಟ್ಟು ಬಂತು. ಅದರ ಮೂತಿಗೆ ಕೈಯಲ್ಲಿ ಹೊಡೆದೆ. ಅದು ಕಣ್ಣು ಪಿಳುಕಿಸಿತು, ಅಷ್ಟೇ.

ಕೆರೆಯಲ್ಲಿ ಅಗಸರು ಬಟ್ಟೆ ಒಗೆಯುತ್ತಿದ್ದರು. ಅವರ ಕತ್ತೆಯೊಂದು ಮುಂಗಾಲಿಗೆ ಹಗ್ಗ ಕಟ್ಟಿಸಿಕೊಂಡು ಕುಂಟುತ್ತಾ ಕುಂಟುತ್ತಾ ನಮ್ಮ ಕಡೆಗೇ ಬರುತ್ತಿತ್ತು. ಹುರುಳಿಯ ವಾಸನೆ ಹಿಡಿದಿತ್ತು. ನಾನು ಚೀಲವನ್ನು ಅದರ ಮೂತಿಗೆ ಹಿಡಿದೆ. ಅಬ್ಬಾ, ಅದು ತಿಂದ ರೀತಿ! ನಾಲಿಗೆಯಲ್ಲಿ ತಳ ಗೋರಿ, ಹೊಲಿಗೆಯ ಸಂದಿಯಲ್ಲಿ ಸಿಕ್ಕಿದ್ದ ಕಾಳನ್ನೂ ಬಿಡದೆ ನೆಕ್ಕಿತು. ಚೀಲ ಜೊಲ್ಲಿನಲ್ಲಿ ತೊಯ್ದು, ಒಳಗೆ ಒಂದು ಕಾಳೂ ಇಲ್ಲದೆ, ಕುದುರೆ ತಿಂದ ಚೀಲದಂತೆಯೇ ಆಯಿತು. ನಾನು ತಲೆ ಎತ್ತಿದಾಗ ಅಪ್ಪ ಏರಿಯ ಮೇಲೆ ಇದ್ದ. ಉಪ್ಪಿನ ಗಂಟು ಕೆಳಗಿಟ್ಟು, ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಳ್ಳುತ್ತಿದ್ದ. ನಿಧಾನವಾಗಿ ಸುತ್ತಿಕೊಂಡ. ನಾನು ಕತ್ತೆಯನ್ನು ಒದ್ದು ಓಡಿಸಿ ಚೀಲ ಹಿಡಿದು ನಿಂತೆ.

"ತಿಂತಾ?"

"ತಿಂತು."

ಅಪ್ಪ ಚೀಲ ತೆಗೆದುಕೊಂಡು ಒಳಹೊರಗು ತಿರುಗಿಸಿ ನೋಡಿದ.

"ಚೆನ್ನಾಗೇ ತಿಂದೈತೆ," ಎಂದ. "ಬಾ, ಉಣ್ಣಾಣ."

ಬುತ್ತಿ ಬಿಚ್ಚಿದೆವು. ತಣ್ಣನೆಯ ಮುದ್ದೆ, ಹುಚ್ಚೆಳ್ಳು ಹಿಂಡಿ, ಒಂದು ಈರುಳ್ಳಿ. ಅಪ್ಪ ನನಗೆ ದೊಡ್ಡ ಭಾಗ ಮುರಿದು ಕೊಟ್ಟ. ಇಬ್ಬರೂ ತಿಂದೆವು. ಮೂರು ತುತ್ತು ಇಳಿದಿರಬಹುದು, ಬೂದಿ ಕಿವಿ ಮುಂದಕ್ಕೆ ಮಾಡಿತು. ನಮ್ಮ ಬಾಯನ್ನೇ ನೋಡುತ್ತಾ ಹತ್ತಿರ ಬಂದು, ಮೂಗಿನಲ್ಲಿ ಸಣ್ಣಗೆ ಸದ್ದು ಮಾಡಿ, ಮೂತಿಯನ್ನು ಚೀಲಕ್ಕೆ ಹಾಕಿತು. ಖಾಲಿ ಚೀಲವನ್ನು ತುಟಿಯಲ್ಲಿ ಮಗುಚಿ ಮಗುಚಿ ನೋಡಿತು. ಆಮೇಲೆ ಅಪ್ಪನ ಕೈಯ ಮುದ್ದೆಗೆ ಕತ್ತು ಚಾಚಿತು. ಅಪ್ಪ ಮೊಣಕೈಯಲ್ಲಿ ಅದರ ಮೂತಿಯನ್ನು ಆಚೆಗೆ ತಳ್ಳಿದ.

"ಹೊಟ್ಟೆ ತುಂಬಿದ್ರೂ ಆಸೆ ನೋಡು ಇದಕ್ಕೆ," ಎಂದ. ನನ್ನ ಮುಖ ನೋಡಲಿಲ್ಲ.

ಆಗ ಹೇಳಬಹುದಿತ್ತು. ಪೇಟೆ ಅಲ್ಲೇ ಇತ್ತು, ಹುರುಳಿ ಸಿಗುತ್ತಿತ್ತು, ಬೂದಿಗೆ ತಿನ್ನುವ ಮನಸ್ಸೂ ಬಂದಿತ್ತು. ಹೇಳಲಿಲ್ಲ. ಬಾಯಲ್ಲಿದ್ದದ್ದನ್ನು ನೀರು ಕುಡಿದು ಇಳಿಸಿದೆ, ಉಳಿದ ಮುದ್ದೆಯನ್ನೂ ತಿಂದೆ.

ಕುದುರೆ ತಿಂದಿದೆ ಎಂದಾದ ಮೇಲೆ ನಿಲ್ಲುವ ಕಾರಣ ಇರಲಿಲ್ಲ. ಹೇರು ಕಟ್ಟಿ, ಮೇಲೆ ನನ್ನನ್ನು ಕೂರಿಸಿ, ಹೊಳಲ್ಕೆರೆಯ ದಾರಿ ಹಿಡಿದೆವು. ಎರಡು ಹರದಾರಿ ಹೋದ ಮೇಲೆ ಬೂದಿ ತನ್ನ ಪಕ್ಕೆಯ ಕಡೆಗೆ ತಿರುಗಿ ತಿರುಗಿ ನೋಡತೊಡಗಿತು. ನಾನು ಇಳಿಯುತ್ತೇನೆ ಎಂದೆ. ಇಳಿದು, ನಡೆಯುತ್ತಲೇ ಕಿವಿ ಕೊಟ್ಟೆ. ಒಳಗೆ ಸದ್ದಿರಲಿಲ್ಲ. ಗಿರಣಿ ನಿಂತಿತ್ತು. ಅದನ್ನೂ ಹೇಳಲಿಲ್ಲ, ಹೇಳಿದರೆ ಯಾಕೆ ಎಂದು ಕೇಳುತ್ತಾನೆ. ಒಂದು ದಿಣ್ಣೆ ಹತ್ತುವಾಗ ನಿಂತಿತು, ಎರಡು ಲದ್ದಿ ಹಾಕಿತು, ಮುಂಗಾಲು ಮಡಚಿ ಹೇರಿನ ಸಮೇತ ಕುಸಿಯಿತು. ಹೇರು ಕಿತ್ತುಹಾಕಿದೆವು. ಅಪ್ಪ ಹಗ್ಗ ಎಳೆದ, ಬೆನ್ನಿಗೆ ನೀರು ಸುರಿದ, ಬೈದ, ಎಬ್ಬಿಸಿದ. ನಾಲ್ಕು ಹೆಜ್ಜೆ ನಡೆದು ಮತ್ತೆ ಬಿತ್ತು. ಆಮೇಲೆ ಏಳಲಿಲ್ಲ. ಕತ್ತು ನೆಲಕ್ಕೆ ಬಡಿಯುತ್ತಿತ್ತು. ಹೊತ್ತು ಮುಳುಗುವ ಮುಂಚೆ ಅದೂ ನಿಂತಿತು.

ಅಪ್ಪ ಎದ್ದು ಹಿಂದಕ್ಕೆ ಹೋಗಿ, ದಾರಿಯಲ್ಲಿ ಬಿದ್ದಿದ್ದ ಲದ್ದಿಯನ್ನು ಎತ್ತಿಕೊಂಡ. ದಿನವೂ ಮಾಡುವಂತೆ ಬೆರಳಲ್ಲಿ ಮುರಿದ. ನಾನು ಎರಡು ಮಾರು ದೂರದಲ್ಲಿದ್ದೆ, ನನಗೂ ಕಂಡಿತು. ಒಣಗಿ ಕಲ್ಲಾಗಿತ್ತು, ಹುರುಳಿಯ ಒಂದು ಸಿಪ್ಪೆಯೂ ಇರಲಿಲ್ಲ. ಈಗ ಹೊಡೆಯುತ್ತಾನೆ ಎಂದು ಕಣ್ಣು ಮುಚ್ಚಿಕೊಂಡೆ. ಅವನು ಕೈಯನ್ನು ಹುಲ್ಲಿಗೆ ಒರೆಸಿಕೊಂಡು ಬಂದು ಬೂದಿಯ ಬಾಯಿಂದ ಹಗ್ಗ ಬಿಚ್ಚಿದ. ಹತ್ತಿರದ ಹೊಲದವರು ಗುದ್ದಲಿ ತಂದರು.

ಹಿಟ್ಟು ಯಾರದೋ ಎತ್ತಿನ ಗಾಡಿಯಲ್ಲಿ ಎರಡು ದಿನ ತಡವಾಗಿ ಬಿ.ದುರ್ಗಕ್ಕೆ ಹೋಯಿತು. ಚಿಕ್ಕಪ್ಪ ಮಂದೆ ಬಿಟ್ಟು ದಾರಿಗೇ ಬಂದಿದ್ದ.

"ಕುರಿ ಹಾಲು ಕುಡ್ಕಂಡು ಬಿದ್ದಿದ್ವಿ ಕಣಣ್ಣ. ಬೂದಿ ಎಲ್ಲಿ?"

"ಬಿಸಿಲು," ಎಂದ ಅಪ್ಪ.

ಊರಿಗೆ ಬಂದ ಮೇಲೂ ಅದೇ ಒಂದು ಮಾತು. ಕೇಳಿದವರಿಗೆಲ್ಲ ಬಿಸಿಲು. ಅವ್ವ ಮುದ್ದೆ ಮಾಡಿ ತಟ್ಟೆಗೆ ಹಾಕಿದಳು. ನಾವು ಕೂತೆವು, ಯಾರೂ ಕೈ ಹಾಕಲಿಲ್ಲ. ಅಜ್ಜಿ ಕಂಬಕ್ಕೆ ಒರಗಿ, ಕತ್ತು ಓರೆ ಮಾಡಿಕೊಂಡು, ಖಾಲಿ ತಗ್ಗಿನ ಕಡೆ ಕಿವಿಗೊಟ್ಟಿದ್ದಳು. ಸಾರಿನ ಮೇಲೆ ಕೆನೆ ಕಟ್ಟಿತು. ಅಷ್ಟು ವರ್ಷ ಆ ಕಟ್ಟಳೆಯನ್ನು ಬೈದಿದ್ದ ಅವ್ವ ಕೊನೆಗೆ ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದಳು.

"ಇನ್ನು ಯಾರು ಬಾಯಾಡಿಸ್ಲಿ ಅಂತ ಕಾಯ್ತೀರಿ? ಉಣ್ರಿ ಅತ್ತೆ."

ಅಜ್ಜಿ ಉಂಡಳು. ಆದರೆ ಸಾಯುವವರೆಗೂ ತಟ್ಟೆ ಬಂದ ಮೇಲೆ ಒಂದು ಗಳಿಗೆ ಹಾಗೆ ಕಿವಿಗೊಟ್ಟೇ ಕೈ ಹಾಕುತ್ತಿದ್ದಳು. ಅಪ್ಪ ಮತ್ತೆ ಕುದುರೆ ಕಟ್ಟಲಿಲ್ಲ. ಹಿಟ್ಟು ಬಸ್ಸಿನ ಮೇಲೆ ಹೋಗತೊಡಗಿತು, ಆಮೇಲೆ ಲಾರಿಯಲ್ಲಿ. ಮೂತಿಚೀಲದಲ್ಲಿ ಅವ್ವ ಈರುಳ್ಳಿ ತುಂಬಿಟ್ಟಳು. ನನ್ನನ್ನು ಮತ್ತೆ ಸ್ಕೂಲಿಗೆ ಕಳಿಸುವ ಮಾತು ಬರಲಿಲ್ಲ, ನಾನೂ ಎತ್ತಲಿಲ್ಲ. ಕೇಳುವ ಮುಖ ಎಲ್ಲಿತ್ತು?

ಅವತ್ತಿನಿಂದ ಇವತ್ತಿನವರೆಗೆ ನಾನು ಯಾರ ಬಾಯಿಂದಲೂ ತಿಂದೆ ಎನ್ನುವ ಮಾತನ್ನು ನಂಬಿಲ್ಲ. ಮಕ್ಕಳು ಸ್ಕೂಲಿಂದ ಬಂದರೆ ಮೊದಲು ಅವರ ಟಿಫನ್ ಡಬ್ಬಿ ತೆಗೆದು ನೋಡಿದ್ದೇನೆ, ಈಗ ಮೊಮ್ಮಕ್ಕಳದ್ದನ್ನೂ ನೋಡುತ್ತೇನೆ. ಸೊಸೆ ಗೀತಾಗೆ ಇದು ಅವಮಾನ. "ಮಕ್ಕಳು ಸುಳ್ಳು ಹೇಳ್ತವಾ ಅತ್ತೆ?" ಎನ್ನುತ್ತಾಳೆ. ಹಸಿದ ಮಕ್ಕಳು ಏನು ಬೇಕಾದರೂ ಹೇಳುತ್ತವೆ ಎಂದು ನಾನು ಹೇಳುತ್ತೇನೆ. ನನ್ನ ಮನೆಯಲ್ಲಿ ಯಾರಿಗೂ ಯಾರೂ ಕಾಯುವಂತಿಲ್ಲ. ಗಂಡಸು ಬರಲಿ, ನೆಂಟರು ಬರಲಿ, ಪೂಜೆ ಮುಗಿಯಲಿ ಎಂದು ಕಾದದ್ದಿಲ್ಲ. ಹಸಿದವರು ಉಣ್ಣಬೇಕು. ಇದನ್ನು ಕೆಲವರು ನನ್ನ ಒರಟುತನ ಎನ್ನುತ್ತಾರೆ. ಇರಲಿ.

ಅಪ್ಪ ತುಂಬ ವರ್ಷ ಬದುಕಿದ. ಅವ್ವ ಹೋದ ಮೇಲೆ, ನಾನು ಮದುವೆಯಾಗಿ ಬಂದಿದ್ದ ಹಿರಿಯೂರಿನ ಮನೆಯಲ್ಲೇ ಇದ್ದ. ಕೊನೆಯ ಬೇಸಿಗೆಯಲ್ಲಿ ಊಟ ಬಿಟ್ಟ. ಡಾಕ್ಟರು ವಯಸ್ಸು ಎಂದರು. ನಾನು ನನಗೆ ಗೊತ್ತಿದ್ದ ವಿದ್ಯೆಯನ್ನೇ ಹೂಡಿದೆ. ಒಂದೇ ಸಲ ಸುರಿಯದೆ ದಿನಕ್ಕೆ ಐದಾರು ಸಲ, ಒಂದೊಂದು ಬಟ್ಟಲು ರಾಗಿ ಗಂಜಿ; ನೀರಿಗೆ ಚೂರು ಬೆಲ್ಲ. ಮತ್ತೆ ಸಾಹೇಬರ ಮಾತು. ನನ್ನ ತಟ್ಟೆಯನ್ನು ಅವನ ಮಂಚದ ಹತ್ತಿರ ತೆಗೆದುಕೊಂಡು ಹೋಗಿ, ಅವನೆದುರಿಗೇ ಕೂತು ಸದ್ದು ಮಾಡಿಕೊಂಡು ಉಣ್ಣುತ್ತಿದ್ದೆ. ನಾನು ಅಗಿದರೆ ಅವನ ಕಣ್ಣು ಇತ್ತ ತಿರುಗುತ್ತಿತ್ತು, ಬಾಯಿ ತೆರೆಯುತ್ತಿತ್ತು. ಹದಿನೈದು ದಿನ ಹೀಗೆ ನಡೆಯಿತು. ಆಮೇಲೊಂದು ಮಧ್ಯಾಹ್ನ ಗಂಜಿಯ ಬಟ್ಟಲನ್ನು ಕೈಯಲ್ಲಿ ಆಚೆಗೆ ತಳ್ಳಿದ. ನಾನು ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡು ಅವನ ಮುಖ ನೋಡುತ್ತಾ ಅಗಿದೆ. ಬಾಯಿ ತೆರೆಯಲಿಲ್ಲ.

"ಸಾಕು ಬಿಡೆ ಕೆಂಚಿ. ಬೂದಿಗೆ ಮಾಡ್ದಂಗೆ ಮಾಡ್ತಿಯಾ."

"ಮಾಡ್ತೀನಿ. ಒಂದ್ ಗುಟುಕು ಕುಡಿ."

ಕಣ್ಣು ಮುಚ್ಚಿದ. ನಿದ್ದೆ ಹೋದ ಎಂದುಕೊಂಡೆ.

"ಆ ಕತ್ತೇನ ನಾನೂ ನೋಡಿದ್ದೆ," ಎಂದ. "ಏರಿ ಮೇಲಿಂದ. ಇನ್ನೂ ಅರ್ಧ ಚೀಲ ಇತ್ತು. ಕೂಗಬೈದಿತ್ತು."

ನನ್ನ ಕೈಯಲ್ಲಿ ಮುದ್ದೆಯ ತುತ್ತು ಹಾಗೇ ಇತ್ತು. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಮತ್ಯಾಕೆ ಕೂಗ್ಲಿಲ್ಲ?"

"ನನಗೂ ಹಸಿವಾಗಿತ್ತು ಕಣೆ."

ಅಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿದ. ಅರವತ್ತು ವರ್ಷದ ಹತ್ತಿರ ನಾನೊಬ್ಬಳೇ ಹೊತ್ತದ್ದನ್ನು ಅವನು ಪಕ್ಕದಲ್ಲೇ ನಡೆಯುತ್ತಾ ನೋಡಿದ್ದ. ಒಂದು ದಿನವೂ ಕೈ ಹಾಕಿರಲಿಲ್ಲ. ಕ್ಷಮಿಸಿದೆ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ಆಗ ನನಗೆ ಬಂದದ್ದು ಸಿಟ್ಟು. ಬಟ್ಟಲನ್ನೂ ನನ್ನ ತಟ್ಟೆಯನ್ನೂ ಎತ್ತಿಕೊಂಡು ಎದ್ದೆ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಅವನ ಧ್ವನಿ ಬಂತು.

"ಕೇಳಿದ್ರೆ ತಿಂತು ಅಂತ ಹೇಳು. ನಿಂಗೆ ಹೇಳಾಕೆ ಬರ್ತೈತೆ."

ಅಡುಗೆಮನೆಯಲ್ಲಿ ಗೀತಾ ಒಲೆಯ ಮುಂದೆ ನಿಂತಿದ್ದಳು.

"ಅಜ್ಜ ಉಂಡ್ರಾ ಅತ್ತೆ?"

"ಉಂಡ್ರು," ಎಂದೆ.

ಅವಳು ಬಟ್ಟಲೊಳಗೆ ನೋಡಿದಳು. ಗಂಜಿ ಹಾಕಿದಷ್ಟೂ ಹಾಗೇ ಇತ್ತು. ಬಟ್ಟಲು ತೆಗೆದುಕೊಂಡು ಪಕ್ಕಕ್ಕಿಟ್ಟಳು, ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಬಿಸಿ ಇತ್ತು. ಅಲ್ಲೇ ನೆಲದ ಮೇಲೆ ಕೂತು ಪೂರ್ತಿ ಉಂಡೆ.